ಶ್ಮಶಾನದಲ್ಲಿ ಎದ್ದ ಪ್ರಶ್ನೆ: ನಮ್ಮ ಭಯಾನಕ ಕಥೆಗಳೂ ಜಾತಿವಿಚಾರವೂ

ಈ ಲೇಖನವನ್ನು ಬರೆಯುತ್ತಿರುವುದು ಆಳಂದ ತಾಲ್ಲೂಕಿನ ಮಟಕಿಯಲ್ಲಿ. ಇಲ್ಲಿಂದ ಈಶಾನ್ಯದ ಕಡೆಗೆ ಶರಣರ ಕಲ್ಯಾಣ. ಆಗ್ನೇಯಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ಪಶ್ಚಿಮಕ್ಕೆ ಸಿದ್ಧರಾಮನ ಸೊನ್ನಲಿಗೆ, ಅರ್ಥಾತ್ ಈಗಣ ಸೊಲ್ಲಾಪುರ. ಪ್ರಕೃತ ವಿಷಯಕ್ಕೆ ಈ ಮೂರು ಸ್ಥಳಗಳೂ ಬೇಕಾದುವು. ಆದರೆ ಈ ವಿಷಯವು ನನ್ನ ಮನಸ್ಸನ್ನು ಹೊಕ್ಕಿದ್ದು ಮಾತ್ರ ಗ್ರಂಥಗಳಿಂದಲ್ಲ. ಸುಮಾರು ಮೂವತ್ತು ವರ್ಷಗಳ ಕೆಳಗೆ ಈ ಸೀಮೆಯ ಒಂದು ಜಾತ್ರೆಯಲ್ಲಿ ಹರಿಶ್ಚಂದ್ರನ ಆಟ ನಡೆದಿತ್ತು. ಬೆಳಗಿನ ಜಾವಕ್ಕೆ ಮಂಗಳವಾಯಿತು. ರಾಜನಿಗೆ ರಾಜ್ಯ ಬಂದಿತು, ರಾಣಿಗೆ ಮಗ ಬಂದನು, ಮುನಿಗೆ ಸಮಾಧಾನ ಬಂದಿತು. ಜನರು ಏಳುತ್ತಿರುವಾಗ, ಬಯಲಿನ ಅಂಚಿನಲ್ಲಿ ಬೇರೆಯಾಗಿ ಕುಳಿತು ಆಟ ನೋಡಿದ್ದ ವೃದ್ಧನೊಬ್ಬನು ನನ್ನನ್ನು ಕೇಳಿದನು: “ಪಂಡಿತರೆ, ಎಲ್ಲರಿಗೂ ಅವರವರದು ಸಿಕ್ಕಿತು. ವೀರಬಾಹುಗೆ ಏನು ಸಿಕ್ಕಿತು?” ಆಗ ಉತ್ತರವಾಗಿ ನಾನು ಪುರಾಣವನ್ನು ಹೇಳಿದೆನು. ಆ ಉತ್ತರ ಅವನಿಗೆ ಸಾಲಲಿಲ್ಲವೆಂಬುದು ಅವನ ಮುಖದಿಂದ ಗೊತ್ತಾಯಿತು. ನನಗೂ ಅದು ಸಾಲದೆಂದು ತಿಳಿಯಲು ಬಹಳ ವರ್ಷಗಳು ಹಿಡಿದುವು.

ಭೂತ, ಶ್ಮಶಾನ, ಶಾಪ, ಜನ್ಮಾಂತರ ಮೊದಲಾದುವುಗಳಿಂದ ಹೆಣೆದ ಕಥೆಗಳನ್ನು ನಮ್ಮ ವಿಮರ್ಶೆಯು ಸಾಮಾನ್ಯವಾಗಿ ಎರಡು ರೀತಿಯಲ್ಲಿ ಬದಿಗೊತ್ತಿದೆ. ಅವು ಧಾರ್ಮಿಕ ದೃಷ್ಟಾಂತಗಳೆಂದು ಒಂದು ಪಕ್ಷ. ಬರಿಯ ಮನೋರಂಜನೆಯೆಂದು ಇನ್ನೊಂದು ಪಕ್ಷ. ಹಗಲಿನಲ್ಲಿ, ಊರೊಳಗೆ, ಸಭೆಯಲ್ಲಿ ಕೇಳಲಾಗದ ಜಾತಿಪ್ರಶ್ನೆಯನ್ನು ಕನ್ನಡನಾಡಿನ ಕಥೆಗಾರರು ಇರುಳಿಗೂ ಕಾಡಿಗೂ ಸುಡುಗಾಡಿಗೂ ಒಯ್ದು ಅಲ್ಲಿ ಕೇಳಿದರು. ಕೇಳಿದ ಮೇಲೆ, ಕೇಳುಗನು ಹೆದರದೆ ಮನೆಗೆ ಹಿಂದಿರುಗುವಂತೆ ಒಂದು ಹಿಂಬಾಗಿಲನ್ನೂ ಇಟ್ಟರು ಎಂಬುದು ನನ್ನ ಅಭಿಪ್ರಾಯ. ಓದುವವನು ಆ ಬಾಗಿಲಿನಿಂದ ಹೊರಬೀಳುವನೋ, ಒಳಗೆ ನಿಲ್ಲುವನೋ ಎಂಬುದರ ಮೇಲೆ ಕಥೆಯ ಅರ್ಥವೇ ಬೇರೆಯಾಗುತ್ತದೆ.

ಇದಕ್ಕೆ ಆಲಂಕಾರಿಕರ ಆಧಾರವೂ ಇಲ್ಲದೆ ಇಲ್ಲ. ರಸಗಳಲ್ಲಿ ನಾಲ್ಕು ಮೂಲ, ನಾಲ್ಕು ಅವುಗಳಿಂದ ಹುಟ್ಟಿದುವು ಎಂದು ಭರತನು ಹೇಳುವಾಗ ಭಯಾನಕಕ್ಕೆ ಬೀಭತ್ಸವನ್ನು ತಾಯಿಯಾಗಿ ಹೇಳಿದ್ದಾನೆ. ಬೀಭತ್ಸದ ಸ್ಥಾಯಿ ಜುಗುಪ್ಸೆ. ಅಂದರೆ ಹೇಸಿಕೆ ಮೊದಲು, ಹೆದರಿಕೆ ಆಮೇಲೆ. ಅಸ್ಪೃಶ್ಯತೆಯನ್ನು ಶಾಸ್ತ್ರವಚನಗಳಿಂದ ಸಮರ್ಥಿಸುವವರೂ ಖಂಡಿಸುವವರೂ ಅದನ್ನು ವಿಧಿನಿಷೇಧಗಳ ವಿಷಯವೆಂದೇ ಎಣಿಸುತ್ತಾರೆ. ಆದರೆ ಅದು ಮೈಯಲ್ಲಿ ನೆಲಸಿರುವುದು ಜುಗುಪ್ಸೆಯ ರೂಪದಲ್ಲಿ. ಅಭ್ಯಾಸದಿಂದ ಬಂದ ಹೇಸಿಕೆಯನ್ನು ಸಹಜವೆಂದು ತಿಳಿದವನಿಗೆ ಅದು ಅಭ್ಯಾಸವೆಂದು ತೋರಿಸಿಕೊಡಲು ತರ್ಕಕ್ಕಿಂತ ಕಥೆಯೇ ಸಮರ್ಥವಾದುದು.

ಮೊದಲು ಪುರಾಣವನ್ನು ನೋಡೋಣ. ಐತರೇಯ ಬ್ರಾಹ್ಮಣದ ಹರಿಶ್ಚಂದ್ರೋಪಾಖ್ಯಾನದಲ್ಲಿ ಶ್ಮಶಾನವೇ ಇಲ್ಲ. ಅದು ಶುನಃಶೇಪನ ಕಥೆ. ಶ್ಮಶಾನವು ವಿಸ್ತಾರವಾಗಿ ಬರುವುದು ಮಾರ್ಕಂಡೇಯ ಪುರಾಣದಲ್ಲಿ. ಅಲ್ಲಿ ಕಾಶಿಯ ಸುಡುಗಾಡು, ಹೆಣಗಳ ರಾಶಿ, ನರಿಗಳ ಕೂಗು, ಬೇತಾಳಗಳು, ದುರ್ಗಂಧ, ಹೊಗೆ ಇವೆಲ್ಲವೂ ಇವೆ. ಇವುಗಳ ನಡುವೆ ಚಿಂದಿಯುಟ್ಟ ದೊರೆಯು ಬಂದ ಸುಂಕದಲ್ಲಿ ಇಷ್ಟು ಅರಸನಿಗೆ, ಇಷ್ಟು ಒಡೆಯನಾದ ಚಂಡಾಲನಿಗೆ, ಇಷ್ಟು ತನಗೆ ಎಂದು ಲೆಕ್ಕವಿಡುತ್ತ ಓಡಾಡುತ್ತಾನೆ. ಪಾಠಶಾಲೆಯಲ್ಲಿ ಈ ಭಾಗವನ್ನು ಬೀಭತ್ಸಕ್ಕೆ ಉದಾಹರಣೆಯಾಗಿ ನಾವು ಓದಿದೆವು. ದೊರೆಯನ್ನು ಕೊಳ್ಳಲು ಬರುವ ಚಂಡಾಲನ ವರ್ಣನೆಯೂ ಅದೇ ಧಾಟಿಯದು: ದುರ್ವಾಸನೆ, ಉಬ್ಬುಹಲ್ಲು, ಒರಟುಮೈ, ಸುತ್ತಲೂ ನಾಯಿಗಳು. ಬೀಭತ್ಸಕ್ಕೆ ಇಲ್ಲಿ ಆಲಂಬನ ಹೆಣವೋ ಮನುಷ್ಯನೋ ಎಂದು ನಾನು ಕೇಳಿದ್ದಕ್ಕೆ ಅಧ್ಯಾಪಕರು ಕೋಪಿಸಿಕೊಂಡು, ಆ ದಿನದ ಪಾಠವನ್ನು ಅಲ್ಲಿಗೇ ನಿಲ್ಲಿಸಿದರು. ಕೇಳಿದ ನನಗೂ ಪ್ರಶ್ನೆಯ ಭಾರ ಆಗ ಗೊತ್ತಿರಲಿಲ್ಲ.

ಆ ಚಂಡಾಲನು ಧರ್ಮದೇವತೆಯೇ ಎಂಬುದು ಪುರಾಣದ ಕೊನೆ. ಒಡೆಯನ ಅಪ್ಪಣೆಯಿಲ್ಲದೆ ಸ್ವರ್ಗಕ್ಕೆ ಬರಲಾರೆನೆಂದು ಹರಿಶ್ಚಂದ್ರನು ಹೇಳಿದಾಗ ಧರ್ಮನು, ಆ ರೂಪವನ್ನು ತಾಳಿದವನು ತಾನೇ ಎನ್ನುತ್ತಾನೆ. ಮೇಲೆ ಹೇಳಿದ ಹಿಂಬಾಗಿಲು ಇದೇ. ಅತಿ ಹೇಯವೆಂದು ವರ್ಣಿಸಿದ ಶರೀರದಲ್ಲಿ ಧರ್ಮವನ್ನು ಇರಿಸಿದ ಕಥೆ, ಕೊನೆಯಲ್ಲಿ ಆ ಶರೀರವನ್ನು ಅಂಗಿಯಂತೆ ಕಳಚಿಬಿಡುತ್ತದೆ. ಧರ್ಮನು ಉಳಿದನು, ಚಂಡಾಲನು ಮಾಯವಾದನು. ಶ್ರೀಶಂಕರರ ಹೆಸರಿನಲ್ಲಿರುವ ಮನೀಷಾಪಂಚಕದ ಐತಿಹ್ಯವೂ ಇದೇ ಅಚ್ಚಿನದು. ಕಾಶಿಯ ಹಾದಿಯಲ್ಲಿ ದೂರ ಸರಿಯೆಂದು ಹೇಳಿಸಿಕೊಂಡವನು, ಸರಿಯಬೇಕಾದುದು ದೇಹವೋ ಆತ್ಮವೋ ಎಂದು ಕೇಳುತ್ತಾನೆ, ಪ್ರಶ್ನೆಯು ಅಮೋಘವಾದುದು, ಆದರೆ ಕೇಳಿದವನು ವಿಶ್ವನಾಥನೆಂದು ತಿಳಿದ ಕೂಡಲೆ ನಿಜವಾದ ಚಂಡಾಲನಿಗೆ ಉತ್ತರ ಕೊಡಬೇಕಾದ ಹೊಣೆ ತಪ್ಪುತ್ತದೆ. ಇದೇ ಪ್ರಸಂಗವನ್ನು ಕಾಸರಗೋಡಿನ ಕಡೆ ಪೊಟ್ಟನ್ ತೆಯ್ಯಮ್ ಆಗಿ ಕಟ್ಟುತ್ತಾರೆ. ಅಲ್ಲಿ ವೇಷಧಾರಿಯು ಕೆಂಡದ ರಾಶಿಯ ಮೇಲೆ ಒರಗುತ್ತಾನೆ. ದೈವವು ವೇಷ ಕಳಚಿ ಹೋದರೂ, ಬೆಂಕಿಯಲ್ಲಿ ಕಾಯ್ದ ಮೈಯ ಮನುಷ್ಯನು ಮರುದಿನವೂ ಅದೇ ಊರಿನಲ್ಲಿರುತ್ತಾನೆ. ಆದುದರಿಂದ ಅಲ್ಲಿ ಹಿಂಬಾಗಿಲು ಪೂರ್ತಿ ತೆರೆಯುವುದಿಲ್ಲವೆಂದು ತೋರುತ್ತದೆ.

ಇನ್ನು ಕನ್ನಡಕ್ಕೆ ಬರೋಣ. ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯಲ್ಲಿ ಗುರುನಿಂದೆ ಮಾಡಿದ ವಾಯುಭೂತಿಯು ಕುಷ್ಠದಿಂದ ಸತ್ತು, ಕತ್ತೆಯಾಗಿ ಹಂದಿಯಾಗಿ ನಾಯಿಯಾಗಿ ಹುಟ್ಟಿ, ಆಮೇಲೆ ಕುರುಡಿಯೂ ದುರ್ಗಂಧದವಳೂ ಆದ ಚಂಡಾಲಕನ್ಯೆಯಾಗಿ ಹುಟ್ಟುತ್ತಾನೆ. ಮನುಷ್ಯಜನ್ಮವೊಂದನ್ನು ಹಂದಿನಾಯಿಗಳ ಮುಂದಿನ ಮೆಟ್ಟಿಲಾಗಿ ಇಟ್ಟ ಈ ಏಣಿಯನ್ನು ನೋಡಿ ಸಂಕಟಪಡದೆ ಇರಲಾಗದು. ಆದರೆ ಕಥೆಯ ತಿರುಳು ಮುಂದಿದೆ. ಅವಳನ್ನು ಕಂಡ ಅಗ್ನಿಭೂತಿಮುನಿಗೆ ಕಾರಣವಿಲ್ಲದೆ ಕಣ್ಣೀರು ಬರುತ್ತದೆ. ಕಾರಣವೇನೆಂದು ಕೇಳಲು ಗುರುವು, ಇವಳು ನಿನ್ನ ತಮ್ಮನೇ ಎಂದು ತಿಳಿಸುತ್ತಾನೆ. ಜನ್ಮಾಂತರವೆಂಬ ಅದ್ಭುತವು ಇಲ್ಲಿ ಮಾಡುವ ಕೆಲಸವನ್ನು ಬೇರೆ ಯಾವ ಯುಕ್ತಿಯೂ ಮಾಡಲಾರದು: ಯಾರನ್ನು ಮುಟ್ಟಬಾರದೋ ಅವಳು ಒಡಹುಟ್ಟಿದವನು. ಅವಳು ವ್ರತವನ್ನು ಪಡೆದು ಮುಂದೆ ಬ್ರಾಹ್ಮಣನ ಮಗಳು ನಾಗಶ್ರೀಯಾಗಿ ಹುಟ್ಟುತ್ತಾಳೆಂಬುದರಿಂದ ಏಣಿಯು ಮತ್ತೆ ನೆಟ್ಟಗೆ ನಿಲ್ಲುತ್ತದೆ, ನಿಜ. ಆದರೂ ಆ ಕಣ್ಣೀರು ಏಣಿಯ ಯಾವ ಮೆಟ್ಟಿಲಿಗೂ ಸೇರಿದುದಲ್ಲ.

ಭಯಾನಕವು ಎಲ್ಲ ಕಾಲದಲ್ಲಿಯೂ ಪ್ರಶ್ನಿಸುವವರ ಪಕ್ಷದಲ್ಲಿಯೇ ಇತ್ತೆಂದು ಹೇಳಿದರೆ ಸತ್ಯಕ್ಕೆ ದೂರವಾದೀತು. ನಮ್ಮ ನೆರೆಯ ಮಾನ್ಯಖೇಟದಲ್ಲಿಯೇ ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪುಷ್ಪದಂತನು ಅಪಭ್ರಂಶದಲ್ಲಿ ಜಸಹರಚರಿಉ ಎಂಬ ಯಶೋಧರನ ಕಥೆಯನ್ನು ರಚಿಸಿದನು. ರಾಷ್ಟ್ರಕೂಟ ಕೃಷ್ಣನ ಕಾಲದಲ್ಲಿಯೇ, ೯೫೯ರಲ್ಲಿ, ಸೋಮದೇವನು ಯಶಸ್ತಿಲಕವನ್ನು ಮುಗಿಸಿದ್ದನು. ಕನ್ನಡದಲ್ಲಿ ಜನ್ನನ ಯಶೋಧರಚರಿತೆಯು ೧೨೦೯ರದು. ಮಾರಿಯ ಗುಡಿ, ನರಬಲಿಗೆ ತಂದ ಎಳೆಯ ಮಕ್ಕಳು, ಹಿಟ್ಟಿನ ಕೋಳಿಯನ್ನು ಕಡಿದುದಕ್ಕಾಗಿ ತಾಯಿಮಕ್ಕಳು ಅನುಭವಿಸಿದ ಜನ್ಮಪರಂಪರೆ ಇವುಗಳಿಂದ ಕೂಡಿದ ಈ ಕಥೆಗಿಂತ ಭಯಂಕರವಾದುದು ನಮ್ಮಲ್ಲಿ ವಿರಳ. ಕೊಲ್ಲುವ ಸಂಕಲ್ಪವೇ ಕೊಲೆಯೆಂಬ ಅದರ ಸೂಕ್ಷ್ಮವಿಚಾರವನ್ನು ಎಲ್ಲರೂ ಕೊಂಡಾಡಿದ್ದಾರೆ. ಆದರೆ ರಾಣಿ ಅಮೃತಮತಿಯು ಒಲಿದ ಮಾವುತನ ಶರೀರವನ್ನು ವರ್ಣಿಸುವಲ್ಲಿ ಕವಿಗಳು ತೋರಿಸಿದ ಉತ್ಸಾಹವನ್ನು ಗಮನಿಸಬೇಕು. ಅಲ್ಲಿ ಜುಗುಪ್ಸೆಯು ಪಾಪಕ್ಕೆ ಹೊಂದಿಕೊಂಡುದಲ್ಲ, ಕೀಳು ಕೆಲಸದವನ ಮೈಗೆ ಹೊಂದಿಕೊಂಡುದು. ಕಥೆಯು ಕೋಳಿಗೆ ತೋರಿದ ದಯೆಯನ್ನು ಮಾವುತನಿಗೆ ತೋರಲಿಲ್ಲ. ಗಿರೀಶ ಕಾರ್ನಾಡರು ೧೯೮೦ರಲ್ಲಿ ಹಿಟ್ಟಿನ ಹುಂಜವನ್ನು ಬರೆದಾಗ ಮಾವುತನನ್ನು ಮನುಷ್ಯನಾಗಿ ರಂಗದ ಮೇಲೆ ನಿಲ್ಲಿಸಬೇಕಾದುದು ಈ ಕಾರಣದಿಂದಲೇ ಎಂದು ನನ್ನ ಊಹೆ.

ಮಾರಿಯ ಕಥೆಯೂ ಈ ಕಡೆಗೆ ಸೇರಿದುದು. ಧಾರವಾಡದ ಸೀಮೆಯಲ್ಲಿ ದ್ಯಾಮವ್ವನ ಕಥೆಯೆಂದೂ ಶಿರಸಿಯಲ್ಲಿ ಮಾರಿಕಾಂಬೆಯ ಕಥೆಯೆಂದೂ ಹೇಳುವ ಇದನ್ನು ವೈಟ್‌ಹೆಡ್ ಎಂಬ ಬಿಷಪ್ಪನು ೧೯೧೬ರಲ್ಲಿ ಪ್ರಕಟವಾದ ದಕ್ಷಿಣದ ಗ್ರಾಮದೇವತೆಗಳ ಗ್ರಂಥದಲ್ಲಿಯೂ ಸಂಗ್ರಹಿಸಿದ್ದಾನೆ. ಜಾತಿ ಮರೆಸಿಕೊಂಡ ಅಸ್ಪೃಶ್ಯನು ಬ್ರಾಹ್ಮಣಕನ್ಯೆಯನ್ನು ಮದುವೆಯಾಗುತ್ತಾನೆ. ಅತ್ತೆಯು ಸಿಹಿತಿಂಡಿಯನ್ನು ಬಾಯಿಗಿಟ್ಟು, ಸುಟ್ಟ ಕೋಣನ ನಾಲಗೆಯ ಹಾಗಿದೆಯೆಂದು ಬಾಯಿತಪ್ಪಿ ಆಡುತ್ತಾಳೆ. ಆ ಒಂದು ಮಾತಿನಿಂದ ಎಲ್ಲವೂ ಬಯಲಾಗಿ, ಹೆಂಡತಿಯು ಉರಿಯಾಗಿ ಮಾರಿಯಾಗುತ್ತಾಳೆ. ಗಂಡನು ಕೋಣನಾಗಿ ಜಾತ್ರೆಯಿಂದ ಜಾತ್ರೆಗೆ ಕಡಿಸಿಕೊಳ್ಳುತ್ತಾನೆ. ಸಿಹಿಯನ್ನು ಮಾಂಸವೆಂದು ಹೊಗಳಿದ ಮುದುಕಿಯ ಮುಗ್ಧತೆಯಲ್ಲಿ ಇಡೀ ಕಥೆಯ ಭಯವು ಅಡಗಿದೆ. ಈ ಭಯ ಯಾರದು? ಕೋಣನದಲ್ಲ, ಮುದುಕಿಯದೂ ಅಲ್ಲ. ಪಂಕ್ತಿಯಲ್ಲಿ ಪಕ್ಕದವನು ಯಾರೋ ಎಂದು ಅನುಮಾನಿಸುವವರದು. ಆ ಭಯಕ್ಕೆ ಬೆಲೆ ತೆತ್ತವರು ಮಾತ್ರ ಬೇರೆ: ಬಲಿಯ ಕೋಣನ ಹೊಣೆಯನ್ನು ತಲೆತಲಾಂತರಗಳಿಂದ ಹೊತ್ತವರು ಆ ಗಂಡನ ಕುಲದವರೇ.

ಈಗ ಮುಖ್ಯವಾದ ಸ್ಥಳಕ್ಕೆ ಬರುತ್ತೇನೆ. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ, ಬೇಟೆಗೆ ಹೋಗಿ ಬಳಲಿದ ದೊರೆಯ ಮುಂದೆ ಇಬ್ಬರು ಅನಾಮಿಕ ಗಾಯಕಿಯರು ಹಾಡುತ್ತಾರೆ. ಇವರು ಮಾರ್ಕಂಡೇಯ ಪುರಾಣದಲ್ಲಿಲ್ಲ. ವಿಶ್ವಾಮಿತ್ರನ ಕೋಪದಿಂದ ಹುಟ್ಟಿದವರು, ತಂದೆತಾಯಿಗಳಿಲ್ಲದ ಮಾಯಾರೂಪಗಳು. ದೊರೆಯು ಮೆಚ್ಚಿ ಆಭರಣಗಳನ್ನು ಕೊಡುತ್ತಾನೆ. ಅವರು ಸತ್ತಿಗೆಯನ್ನು ಬೇಡುತ್ತಾರೆ; ಅದು ವಂಶದ್ದು, ಕೊಡಲಾಗದೆನ್ನುತ್ತಾನೆ. ಹಾಗಾದರೆ ನಮಗೆ ಗಂಡನಾಗು ಎನ್ನುತ್ತಾರೆ. ಅವನು ಕುಲವನ್ನು ಮುಂದೊಡ್ಡಲು ಅವರು ವಾದಿಸುವ ಕ್ರಮವನ್ನು ಉಪಾಧ್ಯಾಯರೆಲ್ಲರೂ ಬಲ್ಲರು: ನಮ್ಮ ಹಾಡನ್ನು ಕೇಳಿದ ಕಿವಿ ಕೆಡಲಿಲ್ಲ, ರೂಪವನ್ನು ನೋಡಿದ ಕಣ್ಣು ಕೆಡಲಿಲ್ಲ, ನಮ್ಮೊಡನೆ ಮಾತಾಡಿದ ಬಾಯಿ ಕೆಡಲಿಲ್ಲ, ಮೈಗಂಪನ್ನು ಪಡೆದ ಮೂಗು ಕೆಡಲಿಲ್ಲ, ಐದು ಇಂದ್ರಿಯಗಳಲ್ಲಿ ನಾಲ್ಕಕ್ಕೆ ತಟ್ಟದ ದೋಷ ಸ್ಪರ್ಶವೊಂದಕ್ಕೆ ಹೇಗೆ ತಟ್ಟೀತು? ಅಸ್ಪೃಶ್ಯತೆಯ ಜುಗುಪ್ಸೆಯನ್ನು ಇಂದ್ರಿಯ ಇಂದ್ರಿಯವಾಗಿ ಬಿಡಿಸಿ ಪರೀಕ್ಷಿಸಿದ ಇಂಥ ವಾದವನ್ನು ನಾನು ಸಂಸ್ಕೃತಕಾವ್ಯಗಳಲ್ಲಿ ಕಂಡಿಲ್ಲ. ದೊರೆಗೆ ಉತ್ತರ ಹೊಳೆಯುವುದಿಲ್ಲ. ಆದುದರಿಂದ ಕೋಪ ಬರುತ್ತದೆ. ಅವರು ಪೆಟ್ಟು ತಿಂದು ಮುನಿಯ ಬಳಿಗೆ ಓಡುತ್ತಾರೆ. ಅವರನ್ನು ಮದುವೆಯಾಗು, ಇಲ್ಲವೆ ರಾಜ್ಯವನ್ನು ಕೊಡು ಎಂದಾಗ, ದೊರೆಯು ರಾಜ್ಯವನ್ನು ಕೊಡುತ್ತಾನೆ.

ಇದನ್ನು ಕುಲಧರ್ಮನಿಷ್ಠೆಯೆಂದು ಹೊಗಳುವವರು ಮುಂದಿನ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಯಾವ ಸ್ಪರ್ಶಕ್ಕೆ ಅಂಜಿ ಅವನು ರಾಜ್ಯವನ್ನು ಬಿಟ್ಟನೋ ಆ ಸ್ಪರ್ಶದ ಕೈಗೇ ಕಾಶಿಯಲ್ಲಿ ಮಾರಿಕೊಳ್ಳುತ್ತಾನೆ. ವೀರಬಾಹುವಿನ ಕೊಟ್ಟ ಕೂಳನ್ನು ಉಂಡು, ಅವನ ಆಜ್ಞೆಯಂತೆ ಹೆಣಗಳನ್ನು ಕಾಯುತ್ತಾನೆ. ಸ್ವಂತ ಮಗನ ಶವವು ಇರುಳಿನಲ್ಲಿ ಬಂದಾಗ ಸುಂಕವಿಲ್ಲದೆ ಸುಡಬಾರದೆನ್ನುತ್ತಾನೆ. ಗಾಯಕಿಯರ ಪ್ರಶ್ನೆಗೆ ದೊರೆಯು ಬಾಯಿಂದ ಕೊಡದ ಉತ್ತರವನ್ನು ಕವಿಯು ಅವನ ಮೈಯಿಂದ ಕೊಡಿಸಿದ್ದಾನೆ. ಸತ್ಯವನ್ನು ಬಿಡದಿರುವುದು ಕಾವ್ಯದ ಘೋಷಿತವಾದ ವಿಷಯ. ಆದರೆ ಶ್ಮಶಾನದಲ್ಲಿ ಆ ಸತ್ಯಕ್ಕೆ ಕುಲವು ಬೇಕಾಗಲಿಲ್ಲವೆಂಬುದು ಕಾವ್ಯವು ಘೋಷಿಸದೆ ತೋರಿಸಿದ ವಿಷಯ.

ರಾಘವಾಂಕನ ಕಾಲವನ್ನು ಸಾಮಾನ್ಯವಾಗಿ ಹದಿಮೂರನೆಯ ಶತಮಾನದ ಮೊದಲ ಭಾಗವೆಂದು ಹೇಳುತ್ತಾರೆ. ಹಂಪೆಯ ಹರಿಹರನ ಸೋದರಳಿಯ. ಸೊನ್ನಲಿಗೆಯ ಸಿದ್ಧರಾಮನ ಚರಿತೆಯನ್ನು ಬರೆದವನು. ಆದುದರಿಂದ ನಮ್ಮ ಈ ಸೀಮೆಯ ಶರಣರ ವಾರ್ತೆಗಳು ಅವನಿಗೆ ದೂರದವಲ್ಲ. ಕಲ್ಯಾಣದ ವಿಪ್ಲವವು ೧೧೬೭-೬೮ರ ಸುಮಾರಿನದು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಿಜ್ಜಳನು ಅಲ್ಲಯ್ಯ ಮಧುವಯ್ಯರ ಕಣ್ಣು ಕೀಳಿಸಿದನೆಂದಿದೆ. ಮುಂದಿನ ವೀರಶೈವ ಗ್ರಂಥಗಳಲ್ಲಿ ಇದು, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣಮೂಲದ ಮಧುವಯ್ಯನ ಮಗಳಿಗೂ ಆದ ವಿವಾಹ, ಅದಕ್ಕಾಗಿ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದುದು ಎಂದು ಬೆಳೆದಿದೆ. ವಿವಾಹದ ಸಂಗತಿಯು ಚರಿತ್ರೆಯೋ ಐತಿಹ್ಯವೋ ಎಂಬ ಚರ್ಚೆ ಇರಲಿ. ಕುಲಾತೀತವಾದ ಸಂಬಂಧದ ಹೆಸರಿನಲ್ಲಿ ಕಲ್ಯಾಣದಲ್ಲಿ ರಕ್ತ ಹರಿಯಿತೆಂಬ ಸ್ಮೃತಿಯು ಶರಣರ ಪರಂಪರೆಯಲ್ಲಿ ಉಳಿದಿತ್ತು. ಎರಡು ತಲೆಮಾರು ಕಳೆಯುವುದರೊಳಗೆ ಅದೇ ಪರಂಪರೆಯ ಕವಿಯೊಬ್ಬನು, ಪುರಾಣದಲ್ಲಿಲ್ಲದ ಇಬ್ಬರು ಹೆಂಗಸರನ್ನು ತಂದು, ಅವರ ಬಾಯಿಂದ ದೊರೆಯನ್ನು ಮದುವೆಗೆ ಕೇಳಿಸಿ, ಸ್ಪರ್ಶದ ವಾದವನ್ನು ಹೂಡಿಸಿದ್ದು ಕೇವಲ ಆಕಸ್ಮಿಕವೆ? ಕಲ್ಯಾಣದಲ್ಲಿ ಮನುಷ್ಯರು ಕೇಳಿ ಪ್ರಾಣ ತೆತ್ತ ಪ್ರಶ್ನೆಯನ್ನು ಕಾಡಿನಲ್ಲಿ ಮಾಯಾರೂಪಗಳು ಕೇಳಿದುವು. ಮಾಯೆಯನ್ನು ಆನೆಯ ಕಾಲಿಗೆ ಕಟ್ಟಿಸಲು ಯಾವ ದೊರೆಗೂ ಆಗದು. ಇದು ನನ್ನ ಊಹೆ, ಇದಕ್ಕೆ ಶಾಸನಾಧಾರವಿಲ್ಲ. ಆದರೆ ಈ ಪ್ರಸಂಗವನ್ನು ಬರಿಯ ವಾಕ್ಚಾತುರ್ಯವೆಂದು ದಾಟಿಸುವ ವಾಡಿಕೆಗೂ ಆಧಾರವಿಲ್ಲ. ಆ ವಾಡಿಕೆಯಲ್ಲಿ ನಾನೂ ಪಾಲುಗಾರನು. ತರಗತಿಯಲ್ಲಿ ಯಾರಿಗೂ ಮನಸ್ಸು ನೋಯದಿರಲೆಂದು ಹೇಳಿಕೊಂಡು ಎಷ್ಟೋ ವರ್ಷ ಈ ಪದ್ಯಗಳ ತಾತ್ಪರ್ಯವನ್ನು ಮಾತ್ರ ಹೇಳಿ ಮುಂದೆ ಹೋಗಿದ್ದೇನೆ. ನೋಯದಂತೆ ಕಾಪಾಡಿದ್ದು ಯಾರ ಮನಸ್ಸನ್ನೆಂಬುದು ಈಗ ತಿಳಿಯುತ್ತದೆ.

ಹೊರಗಣ ಸಾಹಿತ್ಯಗಳಲ್ಲಿ ಜನಾಂಗಭೇದವನ್ನು ಕುರಿತ ಭಯಾನಕ ಕಥೆಗಳನ್ನು ಇದರೊಡನೆ ಹೋಲಿಸಬಹುದು. ಜಾತಿಯೂ ವರ್ಣಭೇದವೂ ಒಂದೇ ಅಲ್ಲ. ಆದರೆ ನಮ್ಮ ನೆರೆಯ ಮರಾಠಿಯಲ್ಲಿ ಜೋತಿಬಾ ಫುಲೆಯವರು ೧೮೭೩ರಲ್ಲಿ ಗುಲಾಮಗಿರಿಯನ್ನು ಅಮೆರಿಕದ ದಾಸ್ಯವಿಮೋಚಕರಿಗೆ ಅರ್ಪಿಸಿದಂದಿನಿಂದ ಈ ಹೋಲಿಕೆ ನಮಗೆ ಹೊಸದಲ್ಲ. ಡ್ಯೂಬಾಯ್ಸ್ ಎಂಬ ಕರಿಯ ವಿದ್ವಾಂಸನು ೧೯೨೦ರಲ್ಲಿ ಪ್ರಕಟಿಸಿದ ಧೂಮಕೇತುವಿನ ಕಥೆಯಲ್ಲಿ ನ್ಯೂಯಾರ್ಕ್ ನಗರವೆಲ್ಲ ವಿಷವಾಯುವಿನಿಂದ ಸತ್ತು, ಒಬ್ಬ ಕರಿಯ ಕೆಲಸಗಾರನೂ ಒಬ್ಬ ಬಿಳಿಯ ಸಿರಿವಂತೆಯೂ ಉಳಿಯುತ್ತಾರೆ. ಲೋಕವೇ ಅಳಿದ ಮೇಲೆ ಮಾತ್ರ ಅವರು ಪರಸ್ಪರರಲ್ಲಿ ಮನುಷ್ಯರನ್ನು ಕಾಣುತ್ತಾರೆ. ಅವಳ ತಂದೆ ಬದುಕಿ ಬಂದ ಕ್ಷಣವೇ ಹಳೆಯ ಲೋಕವೂ ಹಿಂದಿರುಗುತ್ತದೆ. ಇದು ನಮ್ಮ ಶ್ಮಶಾನದ ಕಥೆಯೇ. ಲವ್‌ಕ್ರಾಫ್ಟ್ ಎಂಬವನು ೧೯೨೭ರಲ್ಲಿ ಪ್ರಕಟಿಸಿದ ರೆಡ್ ಹುಕ್ಕಿನ ಕಥೆಯಲ್ಲಿ ಪರದೇಶೀಯರ ಮೈಬಣ್ಣವೇ ಭಯಕ್ಕೆ ಆಲಂಬನವಾಗಿತ್ತು. ೨೦೧೬ರಲ್ಲಿ ವಿಕ್ಟರ್ ಲವಾಲ್ ಅದೇ ಕಥೆಯನ್ನು ಕರಿಯನೊಬ್ಬನ ಕಣ್ಣಿನಿಂದ ತಿರುಗಿ ಬರೆದನು. ಯಶೋಧರನ ಕಥೆಯೂ ಹಿಟ್ಟಿನ ಹುಂಜವೂ ನೆನಪಿಗೆ ಬಾರದೆ ಇರವು.

ಕನ್ನಡದಲ್ಲಿ ಹಿಂಬಾಗಿಲನ್ನು ಮುಚ್ಚುವ ಕೆಲಸವು ಇಪ್ಪತ್ತನೆಯ ಶತಮಾನದ್ದು. ೧೯೪೪ರಲ್ಲಿ ಕುವೆಂಪುರವರ ಶೂದ್ರತಪಸ್ವಿಯು ಬಂದಿತು. ಉತ್ತರಕಾಂಡದ ಶಂಬೂಕನು ಅಲ್ಲಿ ಸಾಯುವುದಿಲ್ಲ. ರಾಮನು ಬಿಟ್ಟ ಅಸ್ತ್ರವು ದೂರು ತಂದ ಬ್ರಾಹ್ಮಣನನ್ನೇ ಅಟ್ಟಿಸಿಕೊಂಡು ಹೋಗಿ, ಅವನು ತಪಸ್ವಿಗೆ ನಮಸ್ಕರಿಸಿದ ಮೇಲೆಯೇ ಶಾಂತವಾಗುತ್ತದೆ. ಪೌರಾಣಿಕ ಕಥೆಯನ್ನು ಹೀಗೆ ಬದಲಿಸಬಹುದೆ ಎಂದು ಮಾಸ್ತಿಯವರು ಆಕ್ಷೇಪಿಸಿದುದನ್ನೂ ಅದರಿಂದ ನಡೆದ ವಾದವನ್ನೂ ಹಿರಿಯ ವಾಚಕರು ಬಲ್ಲರು. ಆ ವಾದದಲ್ಲಿ ಗಮನಕ್ಕೆ ಬಾರದ ಒಂದು ಅಂಶವುಂಟು: ನಾಟಕದ ಶಂಬೂಕನು ಕೊನೆಯಲ್ಲಿ ಶಿವನೋ ಧರ್ಮನೋ ಆಗುವುದಿಲ್ಲ. ಶೂದ್ರನಾಗಿಯೇ ಉಳಿದು ನಮಸ್ಕಾರವನ್ನು ಪಡೆಯುತ್ತಾನೆ.

ದೇವನೂರ ಮಹಾದೇವರ ಕುಸುಮಬಾಲೆಯು ೧೯೮೪ರದು. ೧೯೯೦ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆಯಿತು. ಮೇಲ್ಜಾತಿಯ ಕುಸುಮಳೊಡನೆ ಒಲವಿದ್ದ ದಲಿತ ಯುವಕ ಚೆನ್ನನನ್ನು ಕೊಲ್ಲುತ್ತಾರೆ. ಮನೆಯವರು ಅವನು ಬೊಂಬಾಯಿಗೆ ಹೋಗಿದ್ದಾನೆಂದು ನಂಬಿ ಕಾಯುತ್ತಾರೆ. ಆ ಊರಿನ ಇರುಳಿನಲ್ಲಿ ಮನೆಮನೆಯ ದೀಪಗಳ ಜೋತಮ್ಮಗಳು ಒಂದೆಡೆ ಸೇರಿ ತಮ್ಮ ತಮ್ಮ ಮನೆಗಳ ಸಂಗತಿಗಳನ್ನು ಆಡಿಕೊಳ್ಳುತ್ತವೆ, ಮಂಚವೂ ಮಾತಾಡುತ್ತದೆ. ಮನುಷ್ಯರು ಬಾಯಿಬಿಡದ ಊರಿನಲ್ಲಿ ದೀಪಗಳು ಸಾಕ್ಷಿ ನುಡಿಯುತ್ತವೆ. ಇಲ್ಲಿ ಅದ್ಭುತವು ಕೊಲೆಯನ್ನು ಮಾಯೆಯೆಂದು ಹೇಳಿ ಸಂತೈಸುವುದಿಲ್ಲ. ಟೋನಿ ಮಾರಿಸನ್ನಳ ಬಿಲವೆಡ್ ಎಂಬ ೧೯೮೭ರ ಕಾದಂಬರಿಯಲ್ಲಿ, ದಾಸ್ಯಕ್ಕೆ ಸಿಕ್ಕಬಾರದೆಂದು ತಾಯಿಯೇ ಕೊಂದ ಮಗಳು ಮನೆಯನ್ನು ಕಾಡುವುದೂ ಹೀಗೆಯೇ. ಇಬ್ಬರಲ್ಲಿ ಒಬ್ಬರನ್ನೊಬ್ಬರು ಅನುಕರಿಸಿದವರಲ್ಲ. ಸತ್ತವರ ಲೆಕ್ಕ ತೀರದ ಸಮಾಜಗಳೆರಡು ಒಂದೇ ಬಗೆಯ ಕಥೆಯನ್ನು ಹೆತ್ತಿವೆ.

ಮತ್ತೆ ಆ ವೃದ್ಧನ ಪ್ರಶ್ನೆಗೆ ಬರುತ್ತೇನೆ. ವೀರಬಾಹು ಧರ್ಮನೇ ಎಂಬುದು ನಾನು ಅಂದು ಕೊಟ್ಟ ಉತ್ತರ. ಧರ್ಮನಾದರೆ ಅವನಿಗೆ ಸುಡುಗಾಡಿನ ಸುಂಕವೇಕೆ ಬೇಕಾಗಿತ್ತು ಎಂದು ಅವನು ಕೇಳಬಹುದಾಗಿತ್ತು, ಕೇಳದೆ ಹೊರಟುಹೋದನು. ರಂಗದ ಮೇಲೆ ವೀರಬಾಹುವಿನ ಪಾತ್ರವನ್ನು ಯಾರು ಕಟ್ಟುತ್ತಿದ್ದರು, ಮಂಗಳದ ಹೊತ್ತಿಗೆ ಅವನನ್ನು ರಂಗಕ್ಕೆ ಮತ್ತೆ ಕರೆಯುತ್ತಿದ್ದರೋ ಇಲ್ಲವೋ, ಅವನ ಬಾಯಲ್ಲಿ ಕಾವ್ಯದಲ್ಲಿಲ್ಲದ ಮಾತುಗಳೇನಾದರೂ ಇರುತ್ತಿದ್ದುವೋ ಎಂಬಿವು ಪರಿಶೀಲಿಸತಕ್ಕ ವಿಷಯಗಳು. ಆಳಂದ, ಅಫಜಲಪುರ, ಜೇವರ್ಗಿಗಳ ಕಡೆಯ ಹಳೆಯ ಆಟದ ಕೈಬರಹಗಳು ಯಾರ ಬಳಿಯಲ್ಲಾದರೂ ಇದ್ದರೆ, ಅಥವಾ ಆ ಪಾತ್ರವನ್ನು ಕಟ್ಟಿದವರನ್ನು ಕಂಡವರಿದ್ದರೆ, ವಿದ್ವಾಂಸರು ದಯವಿಟ್ಟು ಈ ಪತ್ರಿಕೆಯ ಮೂಲಕ ತಿಳಿಸಬೇಕೆಂದು ಬೇಡುತ್ತೇನೆ.